ಐವತ್ತು ಗಂಟೆಯ ಓಲೆ

ಪೆಟ್ಟಿಗೆಯೊಳಗೆ ಏನಿರಬೇಕು ಎನ್ನುವುದಕ್ಕಿಂತ ಮೊದಲೇ ಪೆಟ್ಟಿಗೆಯ ಮೇಲೆ ಏನು ಬರೆಯಬೇಕು ಎನ್ನುವುದು ತೀರ್ಮಾನವಾಗಿತ್ತು. ‘ಐವತ್ತು ಗಂಟೆಗೂ ಮಿಕ್ಕ ಸಾಹಸ.’ ಪಬ್ಲಿಷರ್ ಜತೆಗಿನ ಕರಾರಿನ ಹದಿನಾಲ್ಕನೇ ಪುಟದಲ್ಲಿ ಈ ಮಾತು ಇತ್ತು. ಆಟವನ್ನು ಕಲ್ಪಿಸಿ, ಬರೆದು, ಮೂರು ವರ್ಷ ಅದರ ಹಿಂದೆ ಬಿದ್ದಿದ್ದ ಮಧುಸೂದನ ಆ ಪುಟದವರೆಗೆ ಓದಿರಲಿಲ್ಲ. ಹನ್ನೆರಡನೆಯದಕ್ಕೇ ನಿದ್ದೆ ಬಂದಿತ್ತು ಎಂದು ಅವನೇ ಆಮೇಲೆ ಒಪ್ಪಿಕೊಂಡ.

2006ರ ಮಾತು. ಶೋಳಿಂಗನಲ್ಲೂರಿನ ಗಾಜಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಇಪ್ಪತ್ತಾರು ಜನ ಕೂತು ಕಂಪ್ಯೂಟರ್ ಆಟ ತಯಾರಿಸುತ್ತಿದ್ದರು. ಕೆಳಗಿನ ಎರಡು ಮಹಡಿಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳು ತಯಾರಾಗುತ್ತಿದ್ದವು. ಬಿಲ್ಲಿನವರು ಲಿಫ್ಟಿನಲ್ಲಿ ಆಟದವರನ್ನು ಕಂಡರೆ, ದಿನವಿಡೀ ಆಡಿಕೊಂಡು ಇರುವ ಪುಣ್ಯವಂತರು ಎಂದು ಅಸೂಯೆಪಡುತ್ತಿದ್ದರು. ಆಟದವರಿಗೋ, ಕೆಳಗಿನವರ ಕೆಲಸ ಎಂದಾದರೊಂದು ದಿನ ಮುಗಿಯುತ್ತದಲ್ಲ ಎಂದು ಅಸೂಯೆ.

ಮಧುಸೂದನನ ಆಟಕ್ಕೆ ಆಫೀಸಿನಲ್ಲಿ ‘ಓಲೆ’ ಎಂದೇ ಹೆಸರು. ರೋಲ್ ಪ್ಲೇಯಿಂಗ್ ಗೇಮ್. ಆಡುವವನೇ ಒಬ್ಬ ಪಾತ್ರವಾಗಿ ಊರೂರು ತಿರುಗಿ, ಸಿಕ್ಕಿದವರ ಹತ್ತಿರ ಮಾತಾಡಿ, ಅಡ್ಡ ಬಂದವರೊಡನೆ ಹೊಡೆದಾಡಿ, ತನ್ನ ಕಥೆಯನ್ನು ತಾನೇ ನಡೆಸಿಕೊಂಡು ಹೋಗುವ ಬಗೆ. ಇಲ್ಲಿ ಆಡುವವನು ಒಬ್ಬ ಓಲೆಕಾರ. ಯುದ್ಧ ನಡೆಯುತ್ತಿರುವ ನಾಡಿನಲ್ಲಿ ಒಂದೇ ಒಂದು ಓಲೆ ಹೊತ್ತುಕೊಂಡು ಗಡಿಯ ಕೊನೆಯ ಊರಿಗೆ ನಡೆಯಬೇಕು. ಅಲ್ಲಿ ಒಬ್ಬ ಮುದುಕಿ ಇರುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ‘ನೀನೇ ಓದಪ್ಪ’ ಎನ್ನುತ್ತಾಳೆ. ಓಲೆ ಬಿಚ್ಚಿದರೆ ಅವಳ ಮಗ ಸತ್ತ ಸುದ್ದಿ. ಇದ್ದದ್ದನ್ನು ಓದಬಹುದು, ಚೆನ್ನಾಗಿದ್ದಾನೆ ಎಂದು ಓದಬಹುದು, ಮಳೆಗೆ ನೆನೆದು ಅಕ್ಷರ ಅಳಿಸಿದೆ ಎನ್ನಬಹುದು. ಯಾವುದನ್ನು ಮಾಡಿದರೂ ಮುದುಕಿ ಒಂದು ಲೋಟ ಮಜ್ಜಿಗೆ ಕೊಡುತ್ತಾಳೆ. ಆಟ ಮುಗಿಯಿತು.

ಆ ಮುದುಕಿಗಾಗಿಯೇ ಮಧುಸೂದನ ಉಳಿದದ್ದನ್ನೆಲ್ಲ ಕಟ್ಟಿದ್ದು. ಊರುಗಳು, ಕಾಡು, ಹೊಳೆ, ಸೈನಿಕರು ಎಲ್ಲ ಅವಳ ಮನೆಯವರೆಗೆ ಹಾಕಿದ ದಾರಿ. ದಾರಿಗೆ ಹಿಡಿಯುತ್ತಿದ್ದದ್ದು ಹನ್ನೊಂದು ಗಂಟೆ. ಆಫೀಸಿನ ಪರೀಕ್ಷಕರು, ಮಾತುಗಳನ್ನೆಲ್ಲ ಹಾರಿಸಿ, ಒಂಬತ್ತರಲ್ಲಿ ಮುಗಿಸುತ್ತಿದ್ದರು.

ಮ್ಯಾನೇಜರ್ ಗುರುಚರಣ ಹದಿನಾಲ್ಕನೇ ಪುಟವನ್ನು ಮಡಿಸಿಕೊಂಡು ಅವನ ಮೇಜಿಗೆ ಬಂದ. ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ಬೇರೂರಿದ ಮಾಧ್ವರ ಮನೆಯವನು. ಕನ್ನಡ ಅವನ ಬಾಯಲ್ಲಿ ತಮಿಳಿನ ಹೆಗಲ ಮೇಲೆ ಕೂತುಕೊಂಡೇ ಬರುತ್ತಿತ್ತು.

“ಮಧು, ಕೇಳುಡಾ. ಕಲ್ಯಾಣದ ಊಟ ಅಂದ್ರೆ ಏನು? ಎಲೆ ರೊಂಬಿ, ತುಂಬಿ ಇರಬೇಕು. ನೀ ಒಂದು ಕರಂಡಿ ಪಾಯಸ ಮಾತ್ರ ಬಡಿಸಿ, ಸೂಪರಾ ಇದೆ, ತಿನ್ನು, ಎದ್ದು ಹೋಗು ಅಂತಿದ್ದೀಯ.”

“ಪಾಯಸ ಸೂಪರಾಗಿದೆಯೋ ಇಲ್ವೋ?”

“ಸೂಪರ್. ಯಾರು ಇಲ್ಲ ಅಂದಾ? ಆದ್ರೆ ಕಲ್ಯಾಣ ಪತ್ರಿಕೆಯಲ್ಲಿ ಊಟ ಅಂತ ಅಚ್ಚಾಗಿದೆಯಲ್ಲ.”

“ಹನ್ನೊಂದು ಗಂಟೆ ಕಥೆ ಗುರು, ಅದಕ್ಕೇ ಹನ್ನೊಂದು ಗಂಟೆ ಆಗುತ್ತೆ. ಎಳೆದರೆ ಹರಿಯುತ್ತೆ.”

“ಎಳೀಬೇಡ. ನಿಧಾನ ಆಡೋರನ್ನ ಹುಡುಕು.” ಗುರುಚರಣ ಪುಟವನ್ನು ಬಿಚ್ಚಿ ಬೆರಳಿಟ್ಟ. “ಇಲ್ಲಿ ಪಾರು. ‘ಮೊದಲ ಸಲ ಆಡುವ ಸಾಮಾನ್ಯ ಮನುಷ್ಯ’ ಎಷ್ಟು ಹೊತ್ತು ತಗೋತಾನೋ ಅದೇ ಲೆಕ್ಕ. ಇವರೆಲ್ಲ ಕಳ್ಳರು, ಹುಟ್ಟುವಾಗಲೇ ಮೌಸ್ ಹಿಡಿದವರು. ನಿಮ್ಮಪ್ಪ ಮನೇಲೇ ಇದಾರಲ್ಲ, ಅವರು ಸಾಮಾನ್ಯ ಮನುಷ್ಯರು ತಾನೇ?”

“ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದರು.”

“ಹಾಗಾದ್ರೆ ಸಾಮಾನ್ಯಕ್ಕಿಂತ ಸಾಮಾನ್ಯ. ಸೋಮವಾರ ಕರಕೊಂಡು ಬಾ.”

ಭೋಜರಾಜರು ಬಂಗಾರಪೇಟೆಯವರು. ರೈಲಿನ ಟೈಮ್‌ಟೇಬಲ್ ತಯಾರಿಸುವ ಕಚೇರಿಯಲ್ಲಿ ಬದುಕು ಸವೆಸಿ, ನಿವೃತ್ತರಾಗಿ ಪಲ್ಲಾವರಂನಲ್ಲಿ ಹಳಿಯ ಸದ್ದು ಕೇಳಿಸುವಷ್ಟು ಹತ್ತಿರ ಫ್ಲ್ಯಾಟು ಮಾಡಿಕೊಂಡಿದ್ದರು. ಕೆಲಸ ಎಂದ ಕೂಡಲೇ ಇಸ್ತ್ರಿ ಅಂಗಿ ಹಾಕಿದರು. ಜೇಬಿಗೆ ಎರಡು ಪೆನ್ನು, ಕೈಗೆ ಉದ್ದನೆಯ ನೋಟ್‌ಬುಕ್ಕು. ಮಗನ ಜತೆ ಆಫೀಸ್ ಕಾರಿನಲ್ಲಿ ಬಂದು, ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಹತ್ತು ಗಂಟೆ ಹೊಡೆಯುವವರೆಗೆ ಏನನ್ನೂ ಮುಟ್ಟಲಿಲ್ಲ.

“ಶುರು ಮಾಡಿ ಅಪ್ಪ.”

“ಇನ್ನೂ ನಾಲ್ಕು ನಿಮಿಷ ಇದೆ.”

ಅವರು ಆಡಿದ ರೀತಿ ನೋಡಲು ಪರೀಕ್ಷಕರು ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದರು. ಸಿಕ್ಕಿದ ಪ್ರತಿಯೊಬ್ಬನ ಹತ್ತಿರವೂ ನಿಂತು, ಅವನು ಹೇಳಿದ್ದನ್ನೆಲ್ಲ ಓದಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ‘10.14 ಅಗಸೆ ಬಾಗಿಲು. 10.31 ಕಮ್ಮಾರ. ಮಗಳಿಗೆ ಹುಷಾರಿಲ್ಲ. 10.50 ಬಾವಿ.’ ಊರು ಬಿಡುವಾಗ ವಾಪಸು ಹೋಗಿ ಕಮ್ಮಾರನಿಗೆ ಹೇಳಿ ಬಂದರು. ಯಾರನ್ನೂ ಕೊಲ್ಲಲಿಲ್ಲ. ಸೈನಿಕರು ಕಂಡರೆ ಪೊದೆಯ ಹಿಂದೆ ಕೂತು, ಅವರು ಹೋಗುವವರೆಗೆ ಕಾದರು. “ಕ್ರಾಸಿಂಗ್” ಎಂದರು, ಯಾರೋ ಕೇಳಿದ್ದಕ್ಕೆ. “ಎದುರಿನ ಗಾಡಿ ಮೊದಲು ಹೋಗಬೇಕು.”

ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚಿ, ತಿಂದು, ಮನೆಗೆ. ಹಾಗೆ ಮೂರನೇ ದಿನ ಅವರ ಓಲೆಕಾರ ಹೊಳೆಯ ದಡಕ್ಕೆ ಬಂದ. ಅಂಬಿಗ ‘ನಾಳೆ ಬೆಳಿಗ್ಗೆ ಬಾ’ ಎಂದ. ಭೋಜರಾಜರು ‘12.52 ಅಂಬಿಗ. ನಾಳೆ ಬೆಳಿಗ್ಗೆ’ ಎಂದು ಬರೆದುಕೊಂಡು, ಆಟವನ್ನು ನಿಲ್ಲಿಸದೆ, ಕಂಪ್ಯೂಟರಿನ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿ ಎದ್ದರು. ಮರುದಿನ ಬೆಳಿಗ್ಗೆ ಎಂಟಕ್ಕೇ ಹಾಜರು. ಅಂಬಿಗ ‘ನಾಳೆ ಬೆಳಿಗ್ಗೆ ಬಾ’ ಎಂದ. ಅಂದು ಒಂದು ಗಂಟೆಯವರೆಗೆ ದಡದಲ್ಲೇ ನಿಂತು ನೀರು ನೋಡಿದರು. ಮತ್ತೆ ಚೀಟಿ ಅಂಟಿಸಿ ಮನೆಗೆ ಹೋದರು. ಮಾರನೇ ಬೆಳಿಗ್ಗೆಯೂ ಅದೇ ಮಾತು ಕೇಳಿ, ಮೆಲ್ಲಗೆ ಮಗನನ್ನು ಕರೆದರು.

“ಈತ ಡ್ಯೂಟಿ ಚಾರ್ಟ್ ನೋಡ್ತಿಲ್ಲ ಕಣೋ.”

ಮಧುಸೂದನ ತಲೆ ಹಿಡಿದುಕೊಂಡ. “ಅಪ್ಪ, ನಿಮ್ಮ ನಾಳೆ ಅಲ್ಲ, ಆಟದ ನಾಳೆ. ಛತ್ರಕ್ಕೆ ಹೋಗಿ ಮಲಗಿದರೆ ಬೆಳಗಾಗುತ್ತೆ. ಮಲಗದಿದ್ದರೆ ಆಗಲ್ಲ.”

“ಛತ್ರ ನೋಡಿದೆ. ಹಾಸಿಗೆನೂ ನೋಡಿದೆ. ಓಲೆ ಕೈಲಿ ಇಟ್ಕೊಂಡು ಹೇಗೋ ಮಲಗೋದು? ಡ್ಯೂಟಿ ಮೇಲೆ ಮಲಗಿದರೆ ಸಸ್ಪೆಂಡು.” ಸ್ವಲ್ಪ ಯೋಚಿಸಿ ಕೇಳಿದರು: “ಕೂತೇ ತೂಕಡಿಸೋಕೆ ಆಗಲ್ವಾ? ದಡದಲ್ಲಿ ಒಂದು ಬೆಂಚು ಹಾಕಬಾರದಾ?”

ಮಧುಸೂದನ ಆವತ್ತೇ ಬೆಂಚು ಹಾಕಿಕೊಟ್ಟ. ಮನೆಯಲ್ಲಿ ಸುದ್ದಿ ಕೇಳಿ ತಾಯಿ ಜಲಜಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮಜ್ಜಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಸಿದ್ದಳು ಕಣೋ. ದೆವ್ವ ಓದ್ಕೊಂಡು ವಾಪಸ್ ಹೋಗೋದಂತೆ. ನಿಮ್ಮಪ್ಪ ದೆವ್ವಕ್ಕಿಂತ ನಿಯತ್ತು, ಅಲ್ಲೇ ನಿಂತ್ಕೊಂಡಿದಾರೆ.”

“ನಗು ನೀನು,” ಎಂದರು ಭೋಜರಾಜರು. “ಆ ಹೊಳೆ ಎಷ್ಟು ಚೆನ್ನಾಗಿದೆ ಅಂತ ನಿಂತವನಿಗೆ ಗೊತ್ತು.”

ಮುದುಕಿಯ ಮನೆ ಮುಟ್ಟಿದ ದಿನ ಅವರು ಓಲೆ ಬಿಚ್ಚಿ ಮುಕ್ಕಾಲು ಗಂಟೆ ಸುಮ್ಮನೆ ಕೂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮಧುಸೂದನ ಹಿಂದೆಯೇ ನಿಂತಿದ್ದ.

“ಓದು ಅಂದಮೇಲೆ ಇರೋದನ್ನೇ ಓದಬೇಕು,” ಎಂದು ಕೊನೆಗೆ ಹೇಳಿ, ಇದ್ದದ್ದನ್ನು ಓದಿದರು. ಮಜ್ಜಿಗೆ ಕುಡಿದರು. ಪರದೆ ಕಪ್ಪಾದ ಮೇಲೂ ಎದ್ದಿರಲಿಲ್ಲ. “ಅಷ್ಟೇನಾ? ಅವಳ ಹತ್ತಿರ ಸ್ವಲ್ಪ ಹೊತ್ತು ಕೂತಿರೋಕೆ ಆಗಲ್ವಾ?”

ಮಧುಸೂದನನಿಗೆ ಮೂರು ವರ್ಷದಲ್ಲಿ ಸಿಕ್ಕಿದ ವಿಮರ್ಶೆ ಅದೊಂದೇ, ಸಾಕೂ ಆಗಿತ್ತು. ಗುರುಚರಣನಿಗೆ ಬೇಕಿದ್ದದ್ದು ಗಡಿಯಾರ. ಐವತ್ತೇಳು ಗಂಟೆ ಹತ್ತು ನಿಮಿಷ! ಅವನು ಇಡೀ ಮಹಡಿಗೆ ಮೈಸೂರ್‌ಪಾಕು ಹಂಚಿದ.

ಪಬ್ಲಿಷರ್ ಕಡೆಯಿಂದ ಮುಂದಿನ ವಾರ ಫೋನು ಬಂತು. ಆ ಕಡೆಯ ಹೆಂಗಸು ಬಹಳ ಸೌಜನ್ಯದವಳು. ಆಟ ಚೆನ್ನಾಗಿದೆ ಎಂದಳು. ಆಮೇಲೆ, ಹೊಳೆಯ ದಡದಲ್ಲಿ ನಲವತ್ತಮೂರು ಗಂಟೆ ಅಲ್ಲಾಡದೆ ನಿಂತ ಸಜ್ಜನರು ಯಾರು ಎಂದು ಕೇಳಿದಳು.

“ಅವರು ಆಟದಲ್ಲಿ ತುಂಬ ಮುಳುಗೋ ಸ್ವಭಾವದವರು, ಮೇಡಂ,” ಎಂದ ಗುರುಚರಣ.

ನಲವತ್ತಮೂರು ಕಳೆದರೆ ಉಳಿದದ್ದು ಹದಿನಾಲ್ಕು. ಹೆಂಗಸು ಅಷ್ಟೇ ಸೌಜನ್ಯದಿಂದ ಹದಿನಾಲ್ಕನೇ ಪುಟವನ್ನು ಓದಿ ಹೇಳಿದಳು. ಐವತ್ತಾಗದಿದ್ದರೆ ಆಟ ಹೊರಗೆ ಬರುವುದಿಲ್ಲ. ಉದ್ದವಿಲ್ಲದ ಆಟವನ್ನು ಜನ ಕೀಳಾಗಿ ಕಾಣುತ್ತಾರೆ. ಅದು ಅವಳ ಅಭಿಪ್ರಾಯವಲ್ಲವಂತೆ, ಸಮೀಕ್ಷೆಯದಂತೆ.

ಮಧುಸೂದನ ಎರಡು ದಿನ ರಾಜೀನಾಮೆ ಬರೆದ, ಮೂರನೇ ದಿನ ಹರಿದ. ಆಟ ಹೊರಗೆ ಬರದಿದ್ದರೆ ಮುದುಕಿಯನ್ನು ಯಾರೂ ನೋಡುವುದಿಲ್ಲ. ಉದ್ದವಾಗಿ ಬಂದರೆ ಕೆಲವರಾದರೂ ಅಲ್ಲಿಗೆ ತಲುಪುತ್ತಾರೆ. ನೂರಕ್ಕೆ ಹತ್ತು ಮಂದಿ? ಐದು? ಒಬ್ಬ ಬಂದರೂ ಸಾಕು ಎಂದುಕೊಂಡು ಕೆಲಸಕ್ಕೆ ಕೂತ.

ಮೊದಲು ಓಲೆಕಾರನ ನಡಿಗೆಯನ್ನು ಮೂರರಲ್ಲಿ ಒಂದು ಪಾಲು ನಿಧಾನ ಮಾಡಿದ. ಸೇತುವೆಗಳನ್ನು ಮುರಿದ, ಸುತ್ತಿಕೊಂಡು ಹೋಗಲೆಂದು. ನಲವತ್ತು ಬಗೆಯ ಬೇರು ಕೀಳಿಸಿದ. ಒಂದೇ ಹಸು ಆರು ಊರುಗಳಲ್ಲಿ ಕಳೆದುಹೋಯಿತು. ಪ್ರತಿ ಊರಲ್ಲೂ ಓಲೆಕಾರನೇ ಹುಡುಕಿಕೊಡಬೇಕು. ಯುದ್ಧ ನಡೆಯುತ್ತಿರುವ ನಾಡಿನಲ್ಲಿ ಇಷ್ಟೊಂದು ಜನಕ್ಕೆ ಹಸುವಿನದೇ ಚಿಂತೆ ಏಕೆ ಎಂದು ಯಾರೂ ಕೇಳಲಿಲ್ಲ. ಎಂಟು ತಿಂಗಳಲ್ಲಿ ಆಟ ಐವತ್ತೆಂಟು ಗಂಟೆಗೆ ಬಂತು. ಅದೂ ತುಂಡು ತುಂಡಾಗಿ ಆಡಿ ಕೂಡಿಸಿದ ಲೆಕ್ಕ. ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಆಡಿ ನೋಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಕೊನೆಯ ಊರನ್ನು ಪರೀಕ್ಷಿಸುವವರು ಅಡ್ಡದಾರಿಯ ಗುಂಡಿ ಒತ್ತಿ ನೇರ ಅಲ್ಲಿಗೇ ಜಿಗಿಯುತ್ತಿದ್ದರು.

ಒಮ್ಮೆ ಅಪ್ಪನನ್ನು ಕರೆತಂದು ಹೊಸದನ್ನು ತೋರಿಸಿದ. ಎರಡನೇ ಹಸು ಕಳೆಯುವವರೆಗೆ ಅವರು ಆಡಿದರು.

“ಮಧು, ಇದು ಬೇಸಿನ್ ಬ್ರಿಡ್ಜು.”

“ಅಂದ್ರೆ?”

“ಸೆಂಟ್ರಲ್‌ಗಿಂತ ಒಂದು ಹಿಂದಿನ ಸ್ಟೇಷನ್ನು. ಅಲ್ಲಿಂದ ಸೆಂಟ್ರಲ್‌ಗೆ ಎಷ್ಟು ನಿಮಿಷ? ಆರೋ ಏಳೋ. ಕಾಗದದ ಮೇಲೆ ನಾವು ಇಪ್ಪತ್ತು ಬರೀತಿದ್ದೆವು. ದಾರೀಲಿ ಎಲ್ಲಾದರೂ ತಡವಾದರೆ ಅಲ್ಲಿ ಸರಿಹೋಗಲಿ ಅಂತ. ಎಲ್ಲ ಕಡೆ ಮಾಡೋದೇ ಅದು, ತಪ್ಪಲ್ಲ.” ಹಸುವಿನ ಕಡೆ ನೋಡಿದರು. “ಆದರೆ ಆ ಹದಿಮೂರು ನಿಮಿಷ ಇದೆ ನೋಡು, ಊರು ಕಾಣ್ತಿರುತ್ತೆ, ಗಾಡಿ ಹೋಗ್ತಿರಲ್ಲ. ಬಂಗಾರಪೇಟೆಯಿಂದ ಅಲ್ಲೀವರೆಗೂ ಬೈದಿರದವನು ಅಲ್ಲಿ ಬೈತಾನೆ. ಅವಸರ ಇದ್ದವನು ಚೀಲ ಎತ್ಕೊಂಡು ಅಲ್ಲೇ ಇಳಿದು ಆಟೋ ಹಿಡೀತಾನೆ.”

“ನಿಮಗೇ ಬೇಜಾರಾಯ್ತಾ?”

“ನನಗೇನೋ, ನಾನು ಬೇಸಿನ್ ಬ್ರಿಡ್ಜು ಕಟ್ಟಿದವನೇ. ಬೇರೆಯವರ ಮಾತು ಹೇಳಿದೆ.”

2007ರ ಸೆಪ್ಟೆಂಬರಿನಲ್ಲಿ ಆಟ ಬಿಡುಗಡೆಯಾಯಿತು. ಹೆಸರಿನ ಕೊನೆಗೆ ಪಬ್ಲಿಷರ್ ಕಡೆಯವರು ‘ಕ್ರಾನಿಕಲ್ಸ್’ ಎಂದು ಅಂಟಿಸಿದ್ದರು. ಆ ಪದ ಇದ್ದರೆ ಆಟ ಉದ್ದವೆಂದು ಜನ ನಂಬುತ್ತಾರಂತೆ. ಒಂದು ವೆಬ್‌ಸೈಟು ಉದ್ದಕ್ಕೆ ಹತ್ತರಲ್ಲಿ ಒಂಬತ್ತು, ಉಳಿದದ್ದಕ್ಕೆ ನಾಲ್ಕು ಕೊಟ್ಟಿತು. ಬರೆದವನು ಮೂರನೇ ಹಸುವಿನವರೆಗೆ ಬಂದಿದ್ದ ಎಂದು ಮಧುಸೂದನ ಓದಿದ ಕೂಡಲೇ ಗುರುತು ಹಿಡಿದ. ದಿನಾ ಬೆಳಿಗ್ಗೆ ಆಫೀಸಿಗೆ ಬಂದು, ಆಡುವವರು ಹರಟುವ ತಾಣಗಳಲ್ಲಿ ‘ಮುದುಕಿ’ ಎಂಬ ಪದ ಹುಡುಕುತ್ತಿದ್ದ. ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ ಸಿಕ್ಕಿತು. ಅದು ಮೊದಲ ಊರಿನಲ್ಲಿ ಮೂಲಂಗಿ ಮಾರುವವಳ ವಿಷಯ.

ಡಿಸೆಂಬರಿನ ಒಂದು ಶುಕ್ರವಾರ ಜಲಜಾ ಪಲ್ಲಾವರಂ ಸಂತೆಯಿಂದ ಬಂದವರು ಮಗನಿಗೆ ವರದಿ ಒಪ್ಪಿಸಿದರು. “ನಿನ್ನ ಆಟ ಸಂತೇಲಿ ಗುಡ್ಡೆ ಹಾಕ್ಕೊಂಡು ಕೂತಿದ್ದಾನೆ ಕಣೋ ಒಬ್ಬ. ಒಂದು ಕಡೆ ಹಳೇ ಫೋನು, ಒಂದು ಕಡೆ ಟಾರ್ಚು, ನಡುವೆ ನಿಂದು. ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಮಿಕ್ಸಿ ಜಾರ್ ತರೋಕೆ ಅಂತ ಹೋದರೆ ನಿಮ್ಮಪ್ಪ ಇದನ್ನ ತಂದರು.”

“ಜಾರ್ ಎಲ್ಲಿ ಹೋಗುತ್ತೆ, ಮುಂದಿನ ವಾರಾನೂ ಇರುತ್ತೆ,” ಎಂದರು ಭೋಜರಾಜರು. ಮರುದಿನದಿಂದ ಮನೆಯ ಕಂಪ್ಯೂಟರಿನಲ್ಲಿ ಹತ್ತರಿಂದ ಒಂದು ಗಂಟೆಯವರೆಗೆ ಡ್ಯೂಟಿ ಶುರುವಾಯಿತು, ಇಸ್ತ್ರಿ ಅಂಗಿಯ ಸಮೇತ. ಅದು ಜಲಜಾ ಹೇಳಿ ಮಧುಸೂದನನಿಗೆ ಗೊತ್ತು; ಆ ಹೊತ್ತಿಗೆ ಅವನು ಆಫೀಸಿನಲ್ಲಿರುತ್ತಿದ್ದ, ರಜೆಯ ದಿನವಾದರೆ ನಿದ್ದೆಯಲ್ಲಿ.

ಫೆಬ್ರುವರಿಯಲ್ಲಿ ಕಂಪನಿಯವರು ಆಟದ ವಿಭಾಗ ಮುಚ್ಚಲು ನಿರ್ಧರಿಸಿದರು. ಮಾಡಲು ಕೆಲಸವಿಲ್ಲದ ಕೊನೆಯ ವಾರಗಳಲ್ಲಿ ಮಧುಸೂದನ ಮೊದಲ ಬಾರಿಗೆ ತನ್ನ ಆಟವನ್ನು ಮೊದಲಿಂದ ಆಡಿದ. ಬೇರು ಕಿತ್ತ. ಹಸು ಹುಡುಕಿದ. ತಾನೇ ಮುರಿದ ಸೇತುವೆಗಳಿಗೆ ತಾನೇ ಶಾಪ ಹಾಕಿದ. ಐವತ್ತಾರನೇ ಗಂಟೆಯಲ್ಲಿ ಕೊನೆಯ ಊರಿನ ಬಾಗಿಲಿಗೆ ಬಂದ. ಕಾವಲುಗಾರ ‘ಹೊತ್ತು ಮುಳುಗಿತು, ನಾಳೆ ಬಾ’ ಎಂದ. ಅದು ಸರಿ, ಮೊದಲಿಂದಲೂ ಹಾಗೇ ಇತ್ತು. ಬಾಗಿಲ ಪಕ್ಕ ಅಪ್ಪನಿಗಾಗಿ ಹಾಕಿದಂಥದೇ ಬೆಂಚು. ಕೂತು ತೂಕಡಿಸಿ, ಎದ್ದು, ಮತ್ತೆ ಕೇಳಿದ. ‘ನಾಳೆ ಬಾ.’

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ದಿನಗಳನ್ನು ಎಣಿಸುವ ಜಾಗದಲ್ಲಿ ಅವನೇ ಎರಡು ಅಂಕಿ ಇಟ್ಟಿದ್ದ. ಹಳೆಯ ಪ್ರಯಾಣ ಹದಿಮೂರು ದಿನದ್ದು. ಎರಡು ಅಂಕಿ ಧಾರಾಳವಾಯಿತು. ಹೊಸದು ನೂರನ್ನು ದಾಟುತ್ತಿತ್ತು. ತೊಂಬತ್ತೊಂಬತ್ತಕ್ಕೆ ಎಣಿಕೆ ನಿಂತುಬಿಡುತ್ತದೆ. ಆಮೇಲೆ ಎಷ್ಟು ಸಲ ಮಲಗಿ ಎದ್ದರೂ ಆ ಊರಿನಲ್ಲಿ ನಾಳೆ ಆಗುವುದಿಲ್ಲ. ಬಾಗಿಲು ತೆರೆಯುವುದಿಲ್ಲ. ಅಡ್ಡದಾರಿಯಿಂದ ಜಿಗಿದ ಪರೀಕ್ಷಕರಿಗೆ ಅದು ಕಂಡಿರಲಿಲ್ಲ.

ಐದು ತಿಂಗಳಾಗಿತ್ತು. ಆಟ ಮುಗಿಸಲು ಸಾಧ್ಯವೇ ಇರಲಿಲ್ಲ. ಒಂದು ದೂರು ಕೂಡ ಬಂದಿರಲಿಲ್ಲ.

ಗುರುಚರಣ ಪಬ್ಲಿಷರ್‌ಗೆ ಬರೆದ. ಉತ್ತರ ಆ ಸಂಜೆಯೇ ಬಂತು. ಗ್ರಾಹಕರಿಂದ ದೂರು ಇಲ್ಲದ ಕಾರಣ ತಿದ್ದುಪಡಿ ಅಗತ್ಯವಿಲ್ಲ; ಗಮನಕ್ಕೆ ತಂದದ್ದಕ್ಕೆ ವಂದನೆ.

“ಒಬ್ಬನಾದರೂ ಬಂದು ಬಾಗಿಲು ತಟ್ಟಿದ್ದರೆ ಕೇಳಬಹುದಿತ್ತುಡಾ,” ಎಂದ ಗುರುಚರಣ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮಧುಸೂದನ ಸಾರಿನಲ್ಲಿ ಬೆರಳಾಡಿಸುತ್ತಿದ್ದ.

“ಮುಗಿಸಿದೆ ಕಣೋ,” ಎಂದರು ಭೋಜರಾಜರು.

“ಏನನ್ನ?”

“ನಿನ್ನ ಆಟಾನ. ನಿನ್ನೆ ತಲುಪಿದೆ. ಬಾಗಿಲು ತೆಗೆದ, ಒಳಗೆ ಹೋದೆ, ಮುದುಕಿ ಇದ್ದಳು.”

ಜಲಜಾ ಗಂಡನ ಮುಖ ನೋಡಿ, ಬಡಿಸಿದ್ದ ಪಲ್ಯವನ್ನೇ ಮತ್ತೆ ಬಡಿಸಿದರು.

ಮಧುಸೂದನ ತಲೆ ಎತ್ತಲಿಲ್ಲ. “ಹೇಗಿತ್ತು?”

“ಚೆನ್ನಾಗಿತ್ತು. ಅಷ್ಟು ದೂರ ನಡೆದಿದ್ದಕ್ಕೆ ಇನ್ನೂ ಚೆನ್ನಾಗಿ ಅನ್ನಿಸ್ತು ಅನ್ನು. ಉದ್ದ ಆಯ್ತು ಅಂತ ಅವತ್ತು ನಾನು ಹೇಳಿದ್ದು ತಪ್ಪು.”

“ಓಲೆ ಏನು ಓದಿದ್ರಿ?”

ಭೋಜರಾಜರು ಒಂದು ತುತ್ತು ಅಗಿದು ನುಂಗಿದರು. “ಈ ಸಲ ಚೆನ್ನಾಗಿದಾನೆ ಅಂತ ಓದಿದೆ.”

“ಮಜ್ಜಿಗೆ ಕೊಟ್ಟಳಾ?”

“ಕೊಡದೆ ಇರ್ತಾಳಾ.”

ಭಾನುವಾರ ಕರೆಂಟು ಬಿಲ್ಲಿನ ಕಾರ್ಡು ಹುಡುಕುತ್ತ ಮಧುಸೂದನ ಮೇಜಿನ ಅರೆ ಎಳೆದಾಗ ಉದ್ದನೆಯ ನೋಟ್‌ಬುಕ್ಕು ಸಿಕ್ಕಿತು. ಡಿಸೆಂಬರಿನಿಂದ ಸಾಲು ಸಾಲು. ಹಸುಗಳಿಗೆ ಅಪ್ಪ ಒಂದರಿಂದ ಆರರವರೆಗೆ ನಂಬರು ಕೊಟ್ಟಿದ್ದರು. ಜನವರಿ ಇಪ್ಪತ್ತೊಂದಕ್ಕೆ, ‘11.20 ಕೊನೆ ಊರಿನ ಬಾಗಿಲು. ನಾಳೆ ಬಾ ಎಂದ. ಬೆಂಚಿನಲ್ಲಿ ತೂಕಡಿಸಲಾಯಿತು.’ ಇಪ್ಪತ್ತೆರಡಕ್ಕೆ, ‘10.05 ಬಾಗಿಲು. ನಾಳೆ ಬಾ.’ ಇಪ್ಪತ್ತಮೂರಕ್ಕೂ ಅದೇ. ಇಪ್ಪತ್ತನಾಲ್ಕಕ್ಕೆ, ‘ಅದೇ. ಸಿಬ್ಬಂದಿ ಕೊರತೆ ಇರಬಹುದು.’ ಅಲ್ಲಿಂದ ಮುಂದೆ ಎರಡು ಪುಟ ತುಂಬ ಬರೀ ತಾರೀಕು, ಪಕ್ಕದಲ್ಲಿ ‘ಅದೇ’. ಒಂದು ಭಾನುವಾರವೂ ರಜೆ ಹಾಕಿರಲಿಲ್ಲ. ಕೊನೆಯದು ನಿನ್ನೆಯ ಸಾಲು: ‘ಬಾಗಿಲು. ಅದೇ. ಊಟದ ಹೊತ್ತಿನಲ್ಲಿ, ಮುಗಿಯಿತೆಂದು ಮಧುಗೆ ತಿಳಿಸಲಾಯಿತು.’

ಅವನು ನೋಟ್‌ಬುಕ್ಕನ್ನು ಇದ್ದ ಹಾಗೆಯೇ ಇಟ್ಟ. ಕಾರ್ಡು ಸಿಗಲಿಲ್ಲ.

ಸೋಮವಾರ ಹೋಗಲು ಆಫೀಸು ಇರಲಿಲ್ಲ. ಮಧುಸೂದನ ಹಜಾರದಲ್ಲಿ ಪೇಪರ್ ಹಿಡಿದು ಕೂತಿದ್ದ. ಭೋಜರಾಜರು ಸ್ನಾನ ಮುಗಿಸಿ, ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದವರು ಮಗನನ್ನು ಕಂಡು ಒಂದು ಗಳಿಗೆ ನಿಂತರು.

“ಎಲ್ಲಿಗೆ ಅಪ್ಪ?”

“ಎಲ್ಲಿಗೂ ಇಲ್ಲ. ಇಲ್ಲೇ. ಸುಮ್ಮನೆ ಇನ್ನೊಂದು ಸಲ ಆಡೋಣ ಅಂತ.”

ತಿದ್ದಿ ಕೊಡಬಹುದಿತ್ತು. ಹತ್ತು ನಿಮಿಷದ ಕೆಲಸ, ಒಂದು ಅಂಕಿ. ಆದರೆ ಬಾಗಿಲು ಕೆಟ್ಟಿದೆ ಎಂದರೆ ನೋಟ್‌ಬುಕ್ಕು ನೋಡಿದೆ ಎಂದಾಗುತ್ತದೆ. ಶನಿವಾರದ ಮಜ್ಜಿಗೆ ಸುಳ್ಳಾಗುತ್ತದೆ. ಈಗ ಮನಸ್ಸು ಮಾಡಿದರೂ ತಿದ್ದಲಾಗದು. ಮೂಲದ ಫೈಲುಗಳಿದ್ದ ಕಂಪ್ಯೂಟರುಗಳನ್ನು ಶುಕ್ರವಾರವೇ ಒರೆಸಿ ಬಿಲ್ಲಿನವರಿಗೆ ಕೊಟ್ಟಾಗಿತ್ತು.

“ಆಡಿ,” ಎಂದ. “ಚೆನ್ನಾಗಿದೆ ಅಂದ್ರಲ್ಲ.”

“ಚೆನ್ನಾಗಿದೆ, ಚೆನ್ನಾಗಿದೆ.”

ಕೋಣೆಯೊಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಹತ್ತಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು.